ಶಾಂತಕ್ಕ ಕೇಳಿಸಿಕೊಂಡ ಕೆಮ್ಮು

ಹೊಟ್ಟೆಗೆ ಎರಡು ಸೂಜಿ ಚುಚ್ಚಿಕೊಂಡು, ಸೊಂಟಕ್ಕೊಂದು ಪುಟ್ಟ ಪಂಪು ಕಟ್ಟಿಕೊಂಡು ಶಾಂತಕ್ಕ ರೊಟ್ಟಿ ತಟ್ಟುತ್ತಿದ್ದರು. ಅಮೆರಿಕದ ಡರ್ಹಮ್ಮಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಊರು ಗದಗ. ಅವರ ಮೈಗೆ ರೋಗ ತಡೆಯುವ ಶಕ್ತಿಯೇ ಕಡಿಮೆ. ದಾನಿಗಳ ರಕ್ತದಿಂದ ತೆಗೆದ ಔಷಧಿಯನ್ನು ವಾರಕ್ಕೊಮ್ಮೆ ತಾವೇ ಮೈಗೆ ಇಳಿಸಿಕೊಳ್ಳಬೇಕಿತ್ತು. ಮೊದಲ ಸಲ ನೋಡಿ ನನಗೆ ತಲೆ ಸುತ್ತಿತು.

"ಅಂಜಬ್ಯಾಡವಾ. ಸಾವಿರಾರು ಮಂದಿ ರಕ್ತದ್ದು ಇದು. ನಮ್ಮತ್ತಿ ಇದ್ದಿದ್ರ, ಯಾವ ಕುಲದವರದು ಅಂತ ಕೇಳಿ ಬಾಟ್ಲಿ ಹೊರಗ ಇಡ್ತಿದ್ರು" ಎಂದು ನಕ್ಕರು. ನನ್ನ ಮಾತು ಕೇಳಿದರೆ, "ನೀವ್ ಮೈಸೂರಿನವ್ರು ಮಾತಿಗೂ ಸಕ್ರಿ ಹಾಕ್ತೀರಿ" ಎಂದು ಚುಡಾಯಿಸುತ್ತಿದ್ದರು.

ಆ ಔಷಧಿ ಇದ್ದೂ ಜನವೆಂದರೆ ಅವರಿಗೆ ಅಪಾಯವೇ. ೨೦೨೦ರಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡೆವು. ನಾವು ತೆಗೆದ ಮೇಲೂ ಅವರು ತೆಗೆಯಲಿಲ್ಲ. ಗಂಡ ಬಸವರಾಜಣ್ಣ ಕೆಲಸದಿಂದ ಬಂದರೆ ಗ್ಯಾರೇಜಿನಲ್ಲೇ ಬಟ್ಟೆ ಬದಲಾಯಿಸಿ ಒಳಗೆ ಹೋಗಬೇಕು. ನಮ್ಮ ಕನ್ನಡದ ಮಂದಿಗೋ, ನೆಗಡಿಯನ್ನು ನೆಗಡಿ ಎಂದು ಒಪ್ಪಿಕೊಳ್ಳಲು ಏನು ಧಾಡಿಯೋ! ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ತಪ್ಪಬಾರದಲ್ಲ, ಅದಕ್ಕೇ ಎಲ್ಲರಿಗೂ ಅಲರ್ಜಿ. ಮೂಗು ಸೋರುತ್ತಿದ್ದರೂ "ಪಾಲೆನ್ ಅಲರ್ಜಿ ಕಣ್ರೀ" ಎನ್ನುತ್ತಾರೆ. ಅಂಥವರನ್ನು ಶಾಂತಕ್ಕ ಮುಲಾಜಿಲ್ಲದೆ ಹೊರಗೇ ಕೂರಿಸುತ್ತಿದ್ದರು.

ಒಡಹುಟ್ಟಿದ ತಂಗಿ ವಿಜಿಯನ್ನೂ ಬಿಡಲಿಲ್ಲ. ಫೇರ್‌ಫ್ಯಾಕ್ಸಿನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದವಳು, "ಸ್ವಲ್ಪ ನೆಗಡಿ ಆಗೇತಿ ಅಕ್ಕಾ" ಎಂದು ನಿಜ ಹೇಳಿದಳು. ಶಾಂತಕ್ಕ ಕಿಟಕಿಯಿಂದಲೇ ಮಾತಾಡಿಸಿ ಕಳಿಸಿಬಿಟ್ಟರು. ಅವಳು ಅಳುತ್ತಾ ಕಾರು ತಿರುಗಿಸಿದ್ದನ್ನು ನಾನೇ ನೋಡಿದೆ. ಆಮೇಲೆ ವರ್ಷಗಟ್ಟಲೆ ಫೋನೂ ಇಲ್ಲ. "ಏನ್ ತಪ್ಪ ಮಾಡೀನವಾ ನಾ? ಬದುಕಬೇಕು ಅಂದೆ, ಅಷ್ಟ" ಎನ್ನುತ್ತಿದ್ದರು.

ಹೋದ ಯುಗಾದಿಗೆ ವಿಜಿ ತಾನಾಗಿಯೇ ಬಂದಳು. ಪೈನ್ ಮರಗಳ ಹಳದಿ ಪರಾಗದ ಪುಡಿ ಕಾರುಗಳ ಮೇಲೆಲ್ಲ ಕೂತಿದ್ದ ದಿನಗಳವು. ಬೇವು-ಬೆಲ್ಲ ಕೊಡಲು ಹೋದ ನಾನೂ ಅಲ್ಲೇ ಮೆಟ್ಟಿಲ ಬಳಿ ನಿಂತಿದ್ದೆ. ವಿಜಿ ಕೆಮ್ಮಿದಳು. "ಪಾಲೆನ್ ಅಲರ್ಜಿ, ಅಕ್ಕಾ" ಅಂದಳು. ಶಾಂತಕ್ಕ ಸ್ವಲ್ಪ ಹೊತ್ತು ಅವಳ ಮುಖ ನೋಡಿದರು. ಆಮೇಲೆ ಬಾಗಿಲು ಪೂರ್ತಿ ತೆಗೆದು ತಂಗಿಯನ್ನು ತಬ್ಬಿಕೊಂಡರು. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಹೋಳಿಗೆ ತಿಂದರಂತೆ.

ವಾರ ಕಳೆಯುವಷ್ಟರಲ್ಲಿ ನ್ಯುಮೋನಿಯಾ. ಗೌನು, ಮಾಸ್ಕು ಹಾಕಿಕೊಂಡು ಆಸ್ಪತ್ರೆಗೆ ನೋಡಲು ಹೋದೆ. ತಡೆತಡೆದು ಹೇಳಿದರು: "ಅಲರ್ಜಿ ಅಲ್ಲಂತ ನನಗ ಗೊತ್ತಿತ್ತವಾ. ಒಂದ ಕೌದ್ಯಾಗ ಮಲಗಿ ಬೆಳದೇವಿ ನಾವು. ಅಕಿ ನೆಗಡಿ ಕೆಮ್ಮು ನನಗ ತಿಳಿಯೂದಿಲ್ಲೇನ?"

"ಮತ್ತೆ ಯಾಕಕ್ಕಾ ಒಳಗೆ ಬಿಟ್ಕೊಂಡ್ರಿ?" ಎಂದು ಜೋರಾಗಿಯೇ ಕೇಳಿದೆ.

"ಇನ್ನೊಮ್ಮೆ ತಿರುಗಿ ಕಳಿಸಿದ್ರ ಮತ್ತ ಬರ್ತಿದ್ದಿಲ್ಲ ಅಕಿ. ಇದನ್ನ ಅಕಿ ಮುಂದ ಮಾತ್ರ ಹೇಳಬ್ಯಾಡ."

ಶಾಂತಕ್ಕ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಬಸವರಾಜಣ್ಣ ಇಂದಿಗೂ ಗ್ಯಾರೇಜಿನಲ್ಲೇ ಬಟ್ಟೆ ಬದಲಾಯಿಸುತ್ತಾರೆ.

ವಿಜಿ ಈಗ ನನಗೆ ಫೋನ್ ಮಾಡುತ್ತಾಳೆ. ಕೇಳುವುದು ಒಂದೇ: "ನನ್ನಿಂದ ಅಲ್ಲ, ಹೌದಿಲ್ರೀ? ನನಗ ಅಲರ್ಜೀನ ಇತ್ರೀ." ಅವಳ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಶಾಂತಕ್ಕನ ಮೇಲೂ ಇದೆ.

"ಹೂಂ ವಿಜಿ, ಅಲರ್ಜಿನೇ" ಎಂದು ಫೋನಿಡುತ್ತೇನೆ.