ಒಂದೂವರೆ ಅಡಿ ಎತ್ತರದ ಬೆಂಚು

ಓಮಲೂರಿನಲ್ಲಿ ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಹುಚ್ಚು ಮಾತ್ರ ಹಳೇ ಸಾಮಾನಿನದು. ಎಲ್ಲಾದರೂ ಹಳೇ ಮನೆ ಕೆಡವುತ್ತಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಅರ್ಧ ಊಟದಲ್ಲಿ ಎದ್ದು ಹೊರಡುತ್ತೇನೆ. “ಮದ್ವೆ ಮನೆಗೆ ಕರುದ್ರೆ ಬರಲ್ಲ, ಕೆಡವೋ ಮನೆಗೆ ಕರೀದಿದ್ರೂ ಓಗ್ತೀರಾ” ಎಂದು ಹೆಂಡತಿ ಬೈಯುತ್ತಾಳೆ. ಕಸದಿಂದ ರಸ ತೆಗೆಯುವ ಕಣ್ಣು ಎಲ್ಲರಿಗೂ ಇರುವುದಿಲ್ಲ ಎಂಬ ಜಂಬ ನನಗಿತ್ತು. ಈಗಿಲ್ಲ.

ಪಾಲಮಲೆಗೆ ರಸ್ತೆಯಾದ ಮೇಲೆ ಮೆಟ್ಟೂರು ಕಡೆಯ ಜನ ಭಾನುವಾರಗಳಂದು ಬೈಕಿನಲ್ಲಿ ಬೆಟ್ಟ ಹತ್ತಿ ಬರತೊಡಗಿದರು. ಒಂದು ತಿರುವಿನಲ್ಲಿ ನಿಂತರೆ ಅಣೆಕಟ್ಟೆಯ ನೀರೆಲ್ಲ ಕಣ್ಣ ಕೆಳಗೇ ಕಾಣುತ್ತದೆ. ಅಲ್ಲಿ ನಿಂತು ನೋಡಲು ಒಂದು ಅಟ್ಟಣೆ ಬೇಕೆಂದು ಊರಿನವರು ನನ್ನನ್ನು ಕರೆದರು. ಎಲ್ಲವೂ ಹಳೇ ಸಾಮಾನಿನಲ್ಲೇ ಆಗಬೇಕು ಎಂದು ಹಟ ಹಿಡಿದವನು ನಾನೇ. ಬತ್ತಿದ ಬೋರ್‌ವೆಲ್‌ಗಳಿಂದ ಕಿತ್ತ ಕಬ್ಬಿಣದ ಪೈಪುಗಳು ಕಂಬಗಳಾದವು. ಮೆಟ್ಟೂರಿನಲ್ಲಿ ಕೆಡವಿದ ಹಳೇ ಕ್ವಾರ್ಟರ್ಸಿನ ತೇಗದ ತೊಲೆ ಸೀಳಿಸಿ ನೆಲಕ್ಕೆ ಹಾಸಿದೆ. ಅದೇ ಮನೆಗಳ ಕಿಟಕಿ ಸರಳುಗಳು ಅಂಚಿನ ತಡೆಗೆ ಬಂದವು. ಉಳಿದದ್ದು ಕೂರಲು ಒಂದು ಬೆಂಚು.

ತಿರುವಿನಿಂದ ಸ್ವಲ್ಪ ಕೆಳಗೆ, ಹಳೇ ಕಾಲುದಾರಿಯ ಪಕ್ಕ, ಒಂದು ಸುಮೆತಾಂಗಿ ಇತ್ತು. ಎದೆಮಟ್ಟದ ಎರಡು ನಿಲುಗಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತು ಬೆಟ್ಟ ಹತ್ತುವವರು ಯಾರ ಕೈಯೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಉಸಿರು ಬಿಟ್ಟು, ಮತ್ತೆ ತಲೆಗೇರಿಸಿಕೊಂಡು ಹೋಗಲಿ ಎಂದು ನೆಟ್ಟದ್ದು. ಎಷ್ಟು ಜನರ ಹೊರೆ ಉಜ್ಜಿತ್ತೋ, ಅಡ್ಡಗಲ್ಲು ಕನ್ನಡಿಯಂತೆ ನುಣುಪಾಗಿತ್ತು. ನೋಡಿದವನೇ ನಾನು ಸೋತುಹೋದೆ.

ಕೇಳದೆ ಎತ್ತಿದೆ ಎನ್ನಬೇಡಿ. ಕೇಳಿದೆ. ಟೀ ಅಂಗಡಿಯ ಮುಂದೆ ಕೂತಿದ್ದ ನಾಲ್ಕು ಗಂಡಸರನ್ನು ಕೇಳಿದೆ. “ಈಗ ಯಾರು ಸಾರ್ ತಲೆಮ್ಯಾಲೆ ಒರ್ತಾರೆ? ಎಲ್ಲಾ ವಂಡಿಯಾಗೇ ಓಗ್ತೈತೆ. ಎತ್ಕಳಿ, ಪರವಾಯಿಲ್ಲ” ಎಂದರು. ನಮ್ಮ ಸೀಮೆಯಲ್ಲಿ ಸೌದೆ ಹೊರುವವರು ಹೆಂಗಸರು. ಇದು ತಿಳಿದೂ ತಿಳಿದೂ ನಾನು ಗಂಡಸರನ್ನು ಕೇಳಿ ಸಮಾಧಾನ ಮಾಡಿಕೊಂಡೆ.

ಕೆಲಸ ನಡೆದಷ್ಟು ದಿನವೂ ನಮಗೆ ರಾಗಿ ಮುದ್ದೆ, ಸಾರು ಮಾಡಿಕೊಟ್ಟವಳು ತಿರುವಿನ ಪಕ್ಕದ ಮನೆಯ ಮುದುಕಿ. ಕೂಲಿಯವರು ಅಡ್ಡಗಲ್ಲು ಇಳಿಸುವಾಗ ಒಲೆ ಬಿಟ್ಟು ಓಡಿಬಂದು ನಿಂತಳು. “ಬದ್ರ, ಬದ್ರ” ಎಂದಳು. ಕೂಲಿಯವರ ಕಾಲಿನ ಚಿಂತೆ ಇರಬೇಕು ಎಂದುಕೊಂಡೆ.

ಕಲ್ಲು ನನ್ನ ನಕ್ಷೆಯ ಬೆಂಚಿಗಿಂತ ಒಂದಡಿ ಉದ್ದವಿತ್ತು. ಮೆಷಿನ್ ತರಿಸಿ ಕತ್ತರಿಸಿದೆ. ಆ ತುಂಡನ್ನೂ ಬಿಸಾಡಲಿಲ್ಲ, ಅಟ್ಟಣೆಗೆ ಹತ್ತುವ ಮೆಟ್ಟಿಲಾಗಿ ಹಾಕಿದೆ. ಏನೂ ದಂಡವಾಗಲಿಲ್ಲ ಎಂದು ಕೂಲಿಯವರ ಮುಂದೆ ಬೀಗಿದ್ದೂ ನೆನಪಿದೆ. ಆವತ್ತು ಮುದುಕಿ ಕೆಳಗೆ ಕೊಳತ್ತೂರಿಗೆ ಹೋಗಿದ್ದಳು.

ಮರುದಿನ ಕೆಲಸ ಮುಗಿದು ಸಾಮಾನು ಕಟ್ಟುತ್ತಿದ್ದಾಗ ಅವಳು ಬಂದು ಕೇಳಿದಳು. “ಸಾಮಿ, ಕಲ್ಲು ಯಾವತ್ತು ನಿಲ್ಲಿಸಿಕೊಡ್ತೀರಿ?”

“ಯಾವ ಕಲ್ಲವ್ವಾ?”

“ನನ್ನ ಮಗಳ ಕಲ್ಲು.”

ನಾನು ಬೆಂಚು ತೋರಿಸಿದೆ. ಅವಳು ಅದರ ಕೊಯ್ದ ಅಂಚನ್ನು ನೋಡಿದಳು, ಆಮೇಲೆ ಮೆಟ್ಟಿಲನ್ನು ನೋಡಿದಳು. ಮೆಟ್ಟಿಲ ಮೇಲೆ ನನ್ನ ಕಾಲಿತ್ತು.

ಆಮೇಲೆ ಅವಳೇ ಹೇಳಿದಳು. ಮಗಳು ತುಂಬು ಬಸುರಿಯಾಗಿದ್ದಳು. ಆಗ ರಸ್ತೆಯಿರಲಿಲ್ಲ. ನೋವು ಬಂದಾಗ ಡೋಲಿ ಕಟ್ಟಿ ಹೊತ್ತುಕೊಂಡು ಇಳಿದರು. ಆ ಕಾಲುದಾರಿಯಲ್ಲೇ ಪ್ರಾಣ ಹೋಯಿತು, ಕೂಸು ಹೊಟ್ಟೆಯೊಳಗೇ ಉಳಿಯಿತು. ಹಾಗೆ ಹೋದವಳಿಗೆ ಸುಮೆತಾಂಗಿ ನೆಡಿಸುವುದು ಇಲ್ಲಿಯ ಪದ್ಧತಿ. ದಾರಿಹೋಕರು ಅಲ್ಲಿ ಒಂದು ಹೊರೆ ಇಳಿಸಿದರೆ ಅವಳ ಹೊರೆಯೂ ಅಷ್ಟು ಇಳಿಯುತ್ತದೆ ಎಂಬ ನಂಬಿಕೆ. ರಸ್ತೆ ಬಂದ ಮೇಲೆ ಅಲ್ಲಿ ಹೊರೆ ಇಳಿಸುತ್ತಿದ್ದವಳು ಇವಳೊಬ್ಬಳೇ. ಮನೆಯಲ್ಲಿ ಗ್ಯಾಸ್ ಇದ್ದರೂ ದಿನಾ ಒಂದು ಹೊರೆ ಸೌದೆ ತರುತ್ತಿದ್ದಳು.

“ಇದ್ನ ಮೊದ್ಲೇ ಏಳಬಾರದಾಗಿತ್ತಾ ಅವ್ವಾ?” ಎಂದೆ. ತಪ್ಪು ನನ್ನದಾಗಿದ್ದರೂ ನನ್ನ ದನಿಯೇ ಜೋರಾಗಿತ್ತು.

“ಓದಿದೋರು ನೀವು. ಕಟ್ಟೋ ವೇಲೆ ಮುಗುದ್ಮ್ಯಾಲೆ ಎತ್ತಿದ ಜಾಗದಾಗೇ ಇಕ್ತೀರಾ ಅಂದ್ಕಂಡೆ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಿಲುಗಲ್ಲುಗಳನ್ನು ಹತ್ತಿರ ತಂದು ನೆಟ್ಟು ಆ ಕಲ್ಲನ್ನೇ ಮೇಲೆ ಹಾಕಿಕೊಡುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. “ತುಂಡಾದ ಕಲ್ಲ ನಿಲ್ಲಿಸಬಾರ್ದು. ಒಂದು ಸಲ ಅಲ್ಲಾಡ್ಸಿದ್ದು ಸಾಕು. ಅವಳು ಇಲ್ಲೇ ಇರ್ಲಿ ಬುಡಿ.” ಆ ದಿನವೇ ಮೆಟ್ಟಿಲನ್ನು ಅಗೆದು ತೆಗೆದು ಬೆಂಚಿನ ಅಡಿಯಲ್ಲಿ ಇಟ್ಟೆ. ಅದಕ್ಕೆ ಅವಳು ಬೇಡ ಎನ್ನಲಿಲ್ಲ.

ಮುಂದಿನ ವಾರ ಹೊಸ ಅಡ್ಡಗಲ್ಲು ತರಿಸಿ ಹಳೇ ನಿಲುಗಲ್ಲುಗಳ ಮೇಲೆ ಕೂರಿಸಿದೆ. ನನ್ನ ಜೀವನದಲ್ಲಿ ಹೊಸ ಕಲ್ಲು ಬೇಕೆಂದು ನಾನೇ ಹುಡುಕಿಕೊಂಡು ಹೋದದ್ದು ಅದೊಂದೇ ಸಲ. ಅವಳು ಬಂದು ಸವರಿ ನೋಡಿ, “ಚೆನ್ನಾಗೈತೆ ಸಾಮಿ” ಎಂದಳು. ನನ್ನ ಮನಸ್ಸು ನೋಯದಿರಲಿ ಎಂದು ಹೇಳಿದ ಮಾತು ಅದು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಟ್ಟಣೆಯ ಸರಳಿಗೆ ಬಣ್ಣ ಬಳಿಸಲು ಹೋಗಿದ್ದೆ. ನೋಡುವವರು ಇನ್ನೂ ಯಾರೂ ಬಂದಿರಲಿಲ್ಲ. ಮುದುಕಿ ಸೌದೆ ಹೊತ್ತು ಹೊಸ ಕಲ್ಲನ್ನು ದಾಟಿ ಬಂದಳು. ಅಟ್ಟಣೆ ಹತ್ತಿದಳು. ಬೆಂಚಿನ ಮುಂದೆ ನಿಧಾನಕ್ಕೆ ಮಂಡಿ ಮಡಿಸಿ, ಬಗ್ಗಿ, ಹೊರೆಯನ್ನು ಅದರ ಮೇಲೆ ಇಳಿಸಿದಳು. ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೈಯಿಟ್ಟು ನೀರಿನ ಕಡೆ ನೋಡುತ್ತಾ ನಿಂತಳು. ಆಮೇಲೆ ಹೊರೆ ಎತ್ತಲು ಹೋದಳು. ಆಗಲಿಲ್ಲ.

ಕೂರುವವರಿಗೆ ಹಿತವಾಗಲೆಂದು ಬೆಂಚನ್ನು ಒಂದೂವರೆ ಅಡಿ ಎತ್ತರಕ್ಕೆ ಹಾಕಿದವನು ನಾನು. ಅಷ್ಟು ತಗ್ಗಿನಿಂದ ಹೊರೆಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲಾಗದು. ಬಣ್ಣದ ಕೈಯಲ್ಲೇ ಓಡಿಹೋಗಿ ಎತ್ತಿಕೊಟ್ಟೆ. ಅವಳು ಮನೆ ಕಡೆ ನಡೆದಳು.

ಆವತ್ತು ನಾನಿದ್ದೆ. ಉಳಿದ ದಿನ ಅವಳಿಗೆ ಯಾರು ಎತ್ತಿಕೊಡುತ್ತಾರೋ ನನಗೆ ಗೊತ್ತಿಲ್ಲ.