ಪೂಜೆಗೆ ನಿಂತ ಶೇಕರ್

ಆಯುಧ ಪೂಜೆಯ ದಿನ ಬೊಮ್ಮಸಂದ್ರದಲ್ಲಿ ಯಂತ್ರಗಳು ಓಡುವುದಿಲ್ಲ. ಪಕ್ಕದ ಶೆಡ್ಡಿನ ಲೇತ್‌ಗಳಿಂದ ಹಿಡಿದು ಔಷಧ ಕಾರ್ಖಾನೆಯ ಬಸ್ಸುಗಳ ತನಕ ಎಲ್ಲಕ್ಕೂ ಕುಂಕುಮ, ಹೂವು, ವಿಶ್ರಾಂತಿ. ನಾನು ಕೆಲಸ ಮಾಡುವ ಸಣ್ಣ ಪ್ರಯೋಗಾಲಯದಲ್ಲಿ ಆ ವರ್ಷ ಒಂದು ಯಂತ್ರ ಮಾತ್ರ ನಿಲ್ಲುವಂತಿರಲಿಲ್ಲ. ಅದರೊಳಗೆ ನಾಲ್ಕು ಫ್ಲಾಸ್ಕುಗಳಲ್ಲಿ ನಾನು ಸಾಕುತ್ತಿದ್ದ ಜೀವಕೋಶಗಳಿದ್ದವು.

ಸಂಶೋಧನೆಗೆ ಬೇಕಾಗುವ ಪ್ರೋಟೀನುಗಳನ್ನು ತಯಾರಿಸುವುದು ನಮ್ಮ ಕೆಲಸ. ಆ ಸಲದ್ದು ಒಂದು ರಿಸೆಪ್ಟರ್: ಮನುಷ್ಯನ ಜೀವಕೋಶದ ಹೊರಮೈಯಲ್ಲಿ ಕುಳಿತು, ಹರಿದು ಬರುವ ಸಂಕೇತವನ್ನು ಹಿಡಿದುಕೊಳ್ಳುವ ಪ್ರೋಟೀನು. ಅದರ ಹೊರಭಾಗದ ಜೀನನ್ನು ಸಾಕಿದ ಕೋಶಗಳಿಗೆ ಸೇರಿಸಿದರೆ, ಅವು ಆ ಭಾಗವನ್ನು ತಯಾರಿಸಿ ತಾವು ಈಜುವ ದ್ರವಕ್ಕೇ ಬಿಡುತ್ತವೆ. ಏಳನೆಯ ದಿನ ದ್ರವವನ್ನು ಸೋಸಿ ಪ್ರೋಟೀನನ್ನು ಬೇರ್ಪಡಿಸುತ್ತೇವೆ. ಅಲ್ಲಿಯವರೆಗೆ ಶೇಕರ್ ಎಂಬ ಬೆಚ್ಚನೆಯ ಪೆಟ್ಟಿಗೆ ಫ್ಲಾಸ್ಕುಗಳನ್ನು ಸುತ್ತಿಸುತ್ತಲೇ ಇರಬೇಕು. ನಿಂತರೆ ಕೋಶಗಳು ಮಜ್ಜಿಗೆಯ ಹಾಗೆ ತಳ ಸೇರುತ್ತವೆ. ತಳದಲ್ಲಿ ಅವಕ್ಕೆ ಗಾಳಿಯಿಲ್ಲ.

ಅದು ನನ್ನ ಸ್ವಂತ ಜವಾಬ್ದಾರಿಯ ಮೊದಲ ಬ್ಯಾಚು. ಸರಿಯಾಗಿ ಬಂದರೆ ನನ್ನನ್ನು ಖಾಯಂ ಮಾಡುವುದಾಗಿ ಮಾಲೀಕರು, ಅಂದರೆ ನಮ್ಮ ಸಾರ್, ಹೇಳಿದ್ದರು. ಪೂಜೆ ಬಂದದ್ದು ಆರನೆಯ ದಿನ. ಬೆಳಗ್ಗೆ ಕೋಶಗಳನ್ನು ಎಣಿಸಿ ಡೈರಿಯಲ್ಲಿ ಬರೆದೆ: ನೂರಕ್ಕೆ ತೊಂಬತ್ತೆರಡು ಜೀವಂತ.

ಲ್ಯಾಬಿನ ಕರೆಂಟು, ಏಸಿ ನೋಡಿಕೊಳ್ಳುವ ಅಣ್ಣ ಇದೇ ಊರಿನವರು, ಪೂಜೆಯ ಉಸ್ತುವಾರಿ ಅವರದೇ. ಹೊಸ ಪಂಚೆಯುಟ್ಟು, ಮೈಕ್ರೊಸ್ಕೋಪಿಗೂ ಫ್ರಿಜ್ಜಿಗೂ ಕುಂಕುಮವಿಟ್ಟು ಶೇಕರಿನ ಮುಂದೆ ನಿಂತರು.

"ಇದನ್ನೂ ಆಫ್ ಮಾಡವ್ವ."

"ಇದು ಆಗಲ್ಲ ಅಣ್ಣ, ಒಳಗೆ ಜೀವ ಇದೆ."

"ಅಂಗಂತ ಓಡೋ ಮಿಷನ್‌ಗೆ ಆರತಿ ಎತ್ತಕ್ಕಾಯ್ತದಾ? ಐದೇ ನಿಮಿಷ. ಸಾರ್ ಬತ್ತಾವ್ರೆ, ಮಂಗಳಾರತಿ ಆಗ್ತಿದ್ದಂಗೆ ಆನ್ ಮಾಡ್ಕೊ."

ನನ್ನ ಮೇಲಿನ ಹಿರಿಯ ಮೇಡಂ ದಾವಣಗೆರೆ ಕಡೆಯವರು, ಹಣೆಗೆ ವಿಭೂತಿಯಿಲ್ಲದೆ ಲ್ಯಾಬಿಗೆ ಕಾಲಿಡುವವರಲ್ಲ. "ಐದು ನಿಮಿಷಕ್ಕೇನೂ ಆಗಂಗಿಲ್ಲ, ಬಿಡು" ಎಂದರು. ಅಣ್ಣ ಸ್ವಿಚ್ ಆರಿಸಿ ಕುಂಕುಮವಿಟ್ಟರು.

ಸಾರ್ ಬರಲಿಲ್ಲ. ಫೋನ್ ಮಾಡಿದರೆ, ಜಿಗಣಿಯ ಯೂನಿಟ್ಟಿನಲ್ಲಿ ಪೂಜೆ ಮುಗಿಸಿ ಹೊರಟಿದ್ದೇನೆ, ದಾರಿಯುದ್ದಕ್ಕೂ ಕುಂಬಳಕಾಯಿ ಒಡೆಯುತ್ತ ನಿಂತಿದ್ದಾರೆ, ಗಾಡಿ ಅಲ್ಲಾಡುತ್ತಿಲ್ಲ ಎಂದರು. ಗೇಟಿನಿಂದ ಶೇಕರಿಗೆ, ಶೇಕರಿನಿಂದ ಗೇಟಿಗೆ ಓಡಾಡಿದೆ. ಗಾಜಿನಾಚೆ ಫ್ಲಾಸ್ಕುಗಳ ತಳದಲ್ಲಿ ಮಾಸಲು ಬಿಳಿಯ ಪದರ ಕಾಣತೊಡಗಿತ್ತು.

"ಆನ್ ಮಾಡ್ಬಿಡ್ತೀನಿ ಅಣ್ಣ."

"ಕುಂಕುಮ ಇಟ್ಮೇಲೆ ಆರತಿ ಇಲ್ದೆ ಎಂಗೆ ಆನ್ ಮಾಡ್ತೀಯ? ವರ್ಸ ಪೂರ್ತಿ ಕೈ ಕೊಡ್ತದೆ ನೋಡು."

ಮೇಡಂ ಬಂದು ಬಗ್ಗಿ ನೋಡಿದರು. ಅವರ ಮುಖ ಬದಲಾಯಿತು. "ಸ್ವಿಚ್ ಮುಟ್ಟಬ್ಯಾಡ. ಮಿಷನ್ನಿಗೆ ರಜಾ ಐತಿ, ನಮ್ಮ ಕೈಗೇನು ರಜಾ ಐತೇನು? ಗ್ಲೌಸ್ ಹಾಕ್ಕೊ. ರೀ, ನೀವೂ ಹಾಕ್ಕೊಳ್ರಿ."

ಮುಚ್ಚಳ ತೆರೆದು ಮೂವರೂ ಪೆಟ್ಟಿಗೆಯೊಳಗೆ ಕೈ ಇಟ್ಟು ಫ್ಲಾಸ್ಕುಗಳನ್ನು ಗುಂಡಗೆ ತಿರುಗಿಸುತ್ತ ನಿಂತೆವು.

"ಮೇಡಂ, ನಾನೂ ಒಂದು ಆಯುಧ ಆಗ್ಬಿಟ್ನಲ್ಲ" ಎಂದರು ಅಣ್ಣ.

"ನಿಮಗೂ ಕುಂಕುಮ ಹಚ್ಚೋಣಂತ, ಮೊದ್ಲು ತಿರುಗಸ್ರಿ. ಅಷ್ಟು ಜೋರು ಬ್ಯಾಡ, ನೊರಿ ಬರ್ತೈತಿ."

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮೂವರಿಗೆ ಫ್ಲಾಸ್ಕು ನಾಲ್ಕು. ನನ್ನ ಪಾಲಿನ ಎರಡರಲ್ಲಿ ಒಂದು ಹಿಂದಿನ ಮೂಲೆಯಲ್ಲಿತ್ತು, ಕೈಗೆ ಸರಿಯಾಗಿ ಸಿಗುತ್ತಿರಲಿಲ್ಲ. ಒಂದನ್ನು ತಿರುಗಿಸುವಾಗ ಇನ್ನೊಂದು ತಳ ಸೇರುತ್ತಿದೆ ಎಂಬ ದಿಗಿಲು. ಸಾರ್ ಬಂದು ಆರತಿಯಾಗಿ ಶೇಕರ್ ಮತ್ತೆ ಗುಂಯ್ ಎನ್ನುವ ಹೊತ್ತಿಗೆ ಗಂಟೆಯ ಮೇಲಾಗಿತ್ತು. ಕೈಗೆ ಕೊಟ್ಟ ಕಡ್ಲೆಪುರಿ ಹಿಡಿದುಕೊಂಡೇ ಇದ್ದೆ.

ಮರುದಿನ ಎಣಿಸಿದೆ. ಸತ್ತ ಕೋಶಗಳು ಎಣಿಕೆಗೆ ಮೊದಲು ಬೆರೆಸುವ ಬಣ್ಣ ಹೀರಿ ನೀಲಿಯಾಗುತ್ತವೆ. ಮೂರು ಫ್ಲಾಸ್ಕುಗಳಲ್ಲಿ ನೂರಕ್ಕೆ ಎಂಬತ್ತರ ಮೇಲೆ ಬದುಕಿದ್ದವು. ಮೂಲೆಯದರಲ್ಲಿ ಅರ್ಧಕ್ಕರ್ಧ ನೀಲಿ.

ನಾಲ್ಕನ್ನೂ ಸೇರಿಸಿದರೆ ಆರ್ಡರಿಗೆ ಬೇಕಾದಷ್ಟು ಪ್ರೋಟೀನು ಸಿಗಬಹುದಿತ್ತು. ಆದರೆ ಸತ್ತ ಕೋಶ ಒಡೆದು ತನ್ನೊಳಗಿನ ಕಿಣ್ವಗಳನ್ನು ಚೆಲ್ಲುತ್ತದೆ, ಅವು ರಿಸೆಪ್ಟರನ್ನು ಕತ್ತರಿಸಿ ಹಾಕುತ್ತವೆ. ಮೇಡಂ ಅವರನ್ನು ಕೇಳಿದೆ. "ನಿನ್ನ ಬ್ಯಾಚು, ನೀನ ಹೇಳು" ಎಂದರು. ನಾಲ್ಕನೆಯದನ್ನು ಹಿಡಿದು ಸಿಂಕಿನ ತನಕ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಕೊನೆಗೆ ಬ್ಲೀಚಿಗೆ ಸುರಿದು ಚೆಲ್ಲಿದೆ.

ಉಳಿದ ಮೂರರಿಂದ ಬಂದದ್ದನ್ನು ಶುದ್ಧ ಮಾಡಿ ಪರೀಕ್ಷೆಗಿಟ್ಟೆ. ರಿಸೆಪ್ಟರು ತನ್ನ ಜೋಡಿಯಾದ ಸಂಕೇತವನ್ನು ಹಿಡಿದುಕೊಂಡರೆ ಪರೀಕ್ಷೆಯ ತಟ್ಟೆಯ ಸಣ್ಣ ಗುಳಿಗಳು ಹಳದಿಯಾಗಬೇಕು. ಆದವು, ಒಂದೂ ತಪ್ಪದೆ.

"ಕ್ವಾಲಿಟಿ ಸೂಪರ್ ಕಣಮ್ಮ" ಎಂದರು ಸಾರ್. "ಆದ್ರೆ ಕೇಳಿದಷ್ಟು ಬರ್ಲಿಲ್ವಲ್ಲ. ಉಳಿದದ್ದು ಇನ್ನೊಂದು ಬ್ಯಾಚಲ್ಲಿ ಕೊಡ್ತೀವಿ ಅಂತ ಕಸ್ಟಮರ್‌ಗೆ ಹೇಳಿದೀನಿ. ಖಾಯಂ ವಿಷ್ಯ ಅದಾದ್ಮೇಲೆ ನೋಡೋಣ."

"ಕಮ್ಮಿ ಬಂದದ್ದು ನೀವು ತಡ ಮಾಡಿದ್ದಕ್ಕ ಸಾರ್" ಎಂದರು ಮೇಡಂ.

"ಹಬ್ಬ ಅಲ್ವಾ ಮೇಡಂ" ಎಂದು ಅವರು ನಕ್ಕು ಒಳಗೆ ಹೋದರು.

ಮಧ್ಯಾಹ್ನವೇ ನೈಟ್ರೋಜನ್ ಟ್ಯಾಂಕಿನಿಂದ ಹೊಸ ಕೋಶಗಳ ಹೆಪ್ಪುಗಟ್ಟಿದ ಕೊಳವೆಯೊಂದನ್ನು ತೆಗೆದೆ. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದೆ. ಇವು ಬೆಳೆದು, ಜೀನು ಪಡೆದು, ಆರನೆಯ ದಿನಕ್ಕೆ ಬರುವಾಗ ಸರಿಯಾಗಿ ದೀಪಾವಳಿ, ಮತ್ತೆ ಪೂಜೆ. ಮತ್ತೊಮ್ಮೆ ಎಣಿಸಿದೆ, ಅಷ್ಟೇ ಬಂತು. ಒಂದು ವಾರ ಬಿಟ್ಟು ಶುರು ಮಾಡಬಹುದಿತ್ತು. ಕಾಯಲಾಗಲಿಲ್ಲ. ಕೊಳವೆಯನ್ನು ಬೆಚ್ಚನೆಯ ನೀರಿಗಿಳಿಸಿ ಅಲ್ಲಾಡಿಸತೊಡಗಿದೆ.