ಸ್ಟೋರ್ ಕಾಕಾ ಕೊಟ್ಟ ರಕ್ತ

ಈಚೆಗೆ ಪುಣೆಯ ಖರಾಡಿಯ ದವಾಖಾನೆಯೊಂದರಲ್ಲಿ ಮಗಳಿಗೆ ಲಸಿಕೆ ಹಾಕಿಸಲು ಹೋಗಿದ್ದೆ. ನರ್ಸ್ ಸ್ಪಿರಿಟ್ಟಿನ ಹತ್ತಿಯಿಂದ ಅವಳ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಸ್ಟೋರ್ ಕಾಕಾ ನೆನಪಾದರು...

ಕೆಲವು ವರ್ಷಗಳ ಹಿಂದೆ ನಾನು ಇದೇ ಊರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕಾಕಾ ಅಲ್ಲಿಯ ಸ್ಟೋರಿನ ಗುಮಾಸ್ತರು, ಬೆಳಗಾವಿ ಕಡೆಯವರು. ಇಡೀ ದಿನ ಮರಾಠಿಯಲ್ಲಿ ವ್ಯವಹರಿಸಿ, ನಾನು ಹೋದೊಡನೆ ಕನ್ನಡಕ್ಕೆ ಹೊರಳಿ ಹಗುರಾಗುತ್ತಿದ್ದರು.

ನಮ್ಮ ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಜೊತೆಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನೂ ಹೊರಗೆ ಬಿಡುತ್ತವೆ. ಎರಡೂ ಒಟ್ಟಿಗೆ ತಲುಪಿದಾಗ ರೋಗನಿರೋಧಕ ಕೋಶಗಳಲ್ಲಿ ಯಾವ ಜೀನುಗಳು ಎಚ್ಚರಗೊಳ್ಳುತ್ತವೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಆರೋಗ್ಯವಂತರ ರಕ್ತ ಬೇಕಿತ್ತು. ಕಾಕಾ ತಾವಾಗಿಯೇ ಮುಂದೆ ಬಂದರು.

ರಕ್ತ ಕೊಟ್ಟ ಉಳಿದವರ ಕೋಶಗಳಲ್ಲಿ ಆ ಜೀನುಗಳು ನಾನು ಎರಡನ್ನೂ ಸೇರಿಸಿದಾಗ ಮಾತ್ರ ಎಚ್ಚೆತ್ತವು. ಕಾಕಾರ ಕೋಶಗಳಲ್ಲಿ ಏನೂ ಹಾಕದೆಯೇ ಎಚ್ಚರವಾಗಿದ್ದವು. ನನ್ನದೇ ತಪ್ಪಿರಬೇಕೆಂದು ಮತ್ತೊಮ್ಮೆ ರಕ್ತ ತೆಗೆದೆ. ಫಲಿತಾಂಶ ಬದಲಾಗಲಿಲ್ಲ. ಪ್ರಬಂಧ ಮುಗಿಸುವ ಅವಸರ ನನಗೆ... ಅವರ ರಕ್ತವನ್ನು ಅಧ್ಯಯನದಿಂದ ಕೈಬಿಟ್ಟೆ.

“ನನ್ನ ರಕ್ತ ಹೆಂಗದ ತಂಗಿ?” ಎಂದು ಕಾಕಾ ಕೇಳಿದರು. ಅಂಥ ಸೆಖೆಯಲ್ಲೂ ಸ್ವೆಟರ್ ಹಾಕಿದ್ದರು.

“ಛಲೋ ಅದ ರೀ ಕಾಕಾ,” ಎಂದೆ, ಕಂಪ್ಯೂಟರಿನಿಂದ ಮುಖ ಎತ್ತದೆ.

ಮೈಯೊಳಗೆ ಸೋಂಕಿದ್ದರೆ ಕೋಶಗಳು ಹಾಗೆ ಮೊದಲೇ ಎಚ್ಚರವಾಗಿರಬಹುದು. ನನ್ನ ಪ್ರಯೋಗ ರೋಗ ಪತ್ತೆಯ ಪರೀಕ್ಷೆಯಲ್ಲ, ನಿಜ. ಆದರೆ ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಿ ಎನ್ನಬಹುದಿತ್ತು. ಅವರಿಗೆ ಕ್ಷಯವಿದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಮೆದುಳಿಗೆ ಹಬ್ಬಿತ್ತು. ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಅವರನ್ನು ಮಣ್ಣು ಮಾಡುವಾಗಲೂ ನಾನು ಹೋಗಲಿಲ್ಲ... ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ.

ಲಸಿಕೆ ಹಾಕಿಸಿದ ಮರುವಾರ ಪುಣೆ ಹತ್ತಿರದ ಶಿರೂರಿಗೆ ಹೋದೆ. ಕಾಕಾರ ಹೆಂಡತಿ ಈಗ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಚಹಾ ಕೊಟ್ಟು ಎದುರಿಗೆ ಕೂತರು.

“ನಮ್ಮವರ ರಕ್ತದ ಮ್ಯಾಲೆ ನೀವು ಶೋಧ ಮಾಡಿದ್ರಂತ. ಬಂದವರ ಮುಂದೆಲ್ಲಾ ಹೇಳ್ತಿದ್ರು, ಭಾಳ ಖುಷಿ ಇತ್ತು ಅವರಿಗೆ,” ಎಂದರು.

“ಕಾಕೂ, ಅದರಾಗ ಏನೋ ಸರಿ ಇಲ್ಲ ಅಂತ ನನಗ ಕಂಡಿತ್ತು. ನಾ ಅವರಿಗೆ ಹೇಳಲಿಲ್ಲ.”

ಅವರು ತಮ್ಮ ಚಹಾದ ಕಪ್ಪು ಕೆಳಗಿಟ್ಟರು.

“ದವಾಖಾನಿ ಸೇರೂಕಿಂತ ಎಷ್ಟ್ ಮೊದಲ?”

“ಐದು ತಿಂಗಳ.”

ಕಾಕೂ ಎದ್ದು ಒಳಗೆ ಹೋದರು. ನಾನು ಬಹಳ ಹೊತ್ತು ಕಾದೆ. ಅವರು ಹೊರಗೆ ಬರಲಿಲ್ಲ.